ಸ್ಥಿರಾಂಕದ ಪಕ್ಕದಲ್ಲಿ ಯಾರ ಅಳತೆ

ಪಿಸ್ಟನ್ ನೀರಿನ ಪಾತ್ರೆಯಲ್ಲಿ ನಿಲ್ಲಿಸಿದ್ದ ಗಾಜಿನ ಕೊಳವೆಯೊಳಗೆ ಇಳಿದು ಎರಡು ಅನಿಲಗಳನ್ನು ಅದುಮಿತು. ಒಂದರ ಬಣ್ಣ ಕಂದು, ಇನ್ನೊಂದಕ್ಕೆ ಬಣ್ಣವಿಲ್ಲ. ಅದು ಇದಾಗುತ್ತ, ಇದು ಅದಾಗುತ್ತ ಇರುವಂಥವು.

"ನೋಡಿದೆಯೇನಯ್ಯಾ ಥರ್ಮಾಮೀಟರ್," ಎಂದು ಪಿಸ್ಟನ್ ಬೀಗಿತು. "ಕಂದು ಅನಿಲ ನನಗೆ ಹೆದರಿ ವೇಷ ಬದಲಿಸುತ್ತಿದೆ. ಸಮತೋಲನ ಸ್ಥಿರಾಂಕವನ್ನು ಬದಲಿಸಬಲ್ಲವರ ಅಳತೆಯನ್ನು ಅದರ ಪಕ್ಕದಲ್ಲಿ ಬರೆಯುವುದು ಇಲ್ಲಿಯ ವಾಡಿಕೆ. ಇನ್ನು ಮುಂದೆ ಆ ಜಾಗ ನನ್ನದು. ನೀನು ನೀರಿನಲ್ಲಿ ನಿಂತಿರುವ ಕಡ್ಡಿ."

"ಮೊದಲು ಲೆಕ್ಕವಾಗಲಿ," ಎಂದಿತು ಥರ್ಮಾಮೀಟರ್.

ಸೀಮೆಸುಣ್ಣ ಹಲಗೆಗೆ ಹೋಯಿತು. "ಅದುಮುವ ಮೊದಲು ಕಂದು ಅನಿಲದ ಒತ್ತಡ 0.3, ಇನ್ನೊಂದರದು 0.6. ಮೊದಲನೆಯದರ ವರ್ಗವನ್ನು ಎರಡನೆಯದರಿಂದ ಭಾಗಿಸಿದರೆ ಸ್ಥಿರಾಂಕ 0.15. ಈಗಿನ ಒತ್ತಡಗಳು 0.6 ಮತ್ತು 2.4. ಹಾಗೆಯೇ ವರ್ಗ ಮಾಡಿ ಭಾಗಿಸಿದರೂ 0.15."

"ನಿನಗೆ ಮಗ್ಗಿ ಬರುವುದಿಲ್ಲ," ಎಂದು ಪಿಸ್ಟನ್ ಇನ್ನಷ್ಟು ಅದುಮಿತು. ಮತ್ತೆ 0.15 ಬಂತು.

ಆಗ ನೀರಿನ ಕೆಳಗೆ ದೀಪ ಹತ್ತಿತು. ಪಾದರಸ ಇಪ್ಪತ್ತೈದರಿಂದ ಮೂವತ್ತೈದಕ್ಕೆ ಏರಿತು. ಸೀಮೆಸುಣ್ಣ ಲೆಕ್ಕ ಮಾಡಿತು. ಉತ್ತರ 0.31.

"ಅನಿಲಗಳನ್ನು ಓಡಾಡಿಸುವ ಶಕ್ತಿ ನಿನಗಿದೆ, ತಮ್ಮಾ," ಎಂದಿತು ಥರ್ಮಾಮೀಟರ್. "ಸ್ಥಿರಾಂಕ ಮಾತ್ರ ನನ್ನ ಮಾತನ್ನೇ ಕೇಳುತ್ತದೆ."

ಸೀಮೆಸುಣ್ಣ 0.31ರ ಪಕ್ಕದಲ್ಲಿ 35 ಡಿಗ್ರಿ ಎಂದು ಬರೆಯಿತು.