ಸಂಜೆ ಕಾಣದ ಕಣ್ಣು

"ಕೇಳ್ರಪ್ಪೋ ಕೇಳಿ! ಕುಮುದಗಿರಿಯ ಮಲ್ಲರಸರ ಅಪ್ಪಣೆ! ರಾಣಿತೋಟದ ದೀಪಗಳ ಮೇಲೆ ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿ ತೋಟ ಬೆಳಗಿಸಿದವರಿಗೆ ಬೇಡಿದ್ದು ಕೊಡುತ್ತಾರೆ. ತಪ್ಪು ಹೇಳಿದವರಿಗೆ ಅಮಾವಾಸ್ಯೆಯ ದಿನ ತಲೆದಂಡ!"

ತಲೆದಂಡ ಎನ್ನುವಾಗ ಡಂಗುರದವನ ದನಿ ತಗ್ಗುತ್ತಿತ್ತು. ಪಾಪ, ಅವನೂ ಆ ತೋಟದಲ್ಲಿ ಆಡಿ ಬೆಳೆದವನೇ.

ಆ ತೋಟದ ಸಂಗತಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ರಾಣಿ ನೀಲಾಜಮ್ಮಣ್ಣಿ ಅದನ್ನು ಊರ ಮಕ್ಕಳಿಗೆಂದೇ ಬೆಳೆಸಿದ್ದಳು. ಅರಮನೆಯ ಕರೆಂಟು ಮಕ್ಕಳಿಗೆ ಹೊಡೆದೀತೆಂದು ಅದನ್ನು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯಲ್ಲಿ ಹನ್ನೆರಡು ವೋಲ್ಟಿಗೆ ಇಳಿಸಿದಳು. ಮಣ್ಣೊಳಗೆ ತಂತಿ ಎಳೆದು, ಮಲ್ಲಿಗೆ ಪೊದೆಗಳ ಬುಡದಲ್ಲಿ ಮೊಣಕಾಲೆತ್ತರದ ದೀಪಗಳನ್ನು ನೆಟ್ಟಳು. ಆಳುಗಳಿರಲಿಲ್ಲವೇ? ಇದ್ದರು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಮಾಡಿದಳು. ಗೋಡೆಯ ಮೇಲೆ, ಪೆಟ್ಟಿಗೆಯ ಪಕ್ಕದಲ್ಲಿ, ವಿದ್ಯುತ್ತಿನ ಒಂದು ಕಣ್ಣು. ಕತ್ತಲಾದದ್ದು ಕಂಡೊಡನೆ ಅದು ದೀಪ ಹೊತ್ತಿಸುತ್ತಿತ್ತು. ಮಕ್ಕಳೆಲ್ಲ "ಹೋ" ಎನ್ನುತ್ತಿದ್ದರು, ಕಲ್ಲುಬೆಂಚಿನ ಮೇಲೆ ಕೂತ ಅರಸನೂ. ದೀಪ ಕೆಟ್ಟರೆ ರಾಣಿ ಅದನ್ನೇ ಒಗಟು ಮಾಡಿ ಗಂಡನನ್ನು ಕಾಡುತ್ತಿದ್ದಳು. ಅರಸ ಸೋಲುತ್ತಿದ್ದ, ಸೋತು ನಗುತ್ತಿದ್ದ. ಎಂಥ ಸಂಜೆಗಳು ಅವು!

ರಾಣಿ ತೀರಿಕೊಂಡಳು. ಅವಳ ಬೆಂಚಿನ ಮೇಲೆ ಅರಸ ಅರಮನೆಯ ದೊಡ್ಡ ದೀಪವೊಂದನ್ನು ತೂಗುಹಾಕಿಸಿದ. ಅದನ್ನು ಆರಿಸಿದವನ ತಲೆ ಉಳಿಯದು ಎಂದು ಕಟ್ಟಪ್ಪಣೆ ಮಾಡಿದ. ಹಗಲಿರುಳು ಅದೊಂದೇ ಉರಿಯಿತು. ರಾಣಿ ನೆಟ್ಟ ದೀಪಗಳು ಮಾತ್ರ ಆಮೇಲೆ ಹೊತ್ತಲೇ ಇಲ್ಲ. ತೋಟದ ಬಾಗಿಲೂ ಮಕ್ಕಳಿಗೆ ಮುಚ್ಚಿತು.

ಡಂಗುರ ಕೇಳಿ ಬಂದವರಿಗೇನೂ ಕಡಿಮೆಯಿರಲಿಲ್ಲ. ನೆರೆರಾಜ್ಯದ ರಾಜಕುಮಾರ ಮೊದಲ ಒಗಟಿಗೇ ಬಿದ್ದ. "ಕೊನೆಯ ಬಲ್ಬುಗಳು ಹಳೆಯವು" ಎಂದ. "ರಾಣಿ ಹೊಸವನ್ನೂ ಹಾಕಿ ನೋಡಿದ್ದಳು, ಅವೂ ಮಂಕೇ" ಎಂದು ಅರಸ ಅವನನ್ನು ಸೆರೆಮನೆಗೆ ಕಳಿಸಿದ. ಒಬ್ಬ ಸಾಹುಕಾರ ಎರಡನೆಯದಕ್ಕೆ "ಗಂಡ ಹೆಂಡತಿ" ಎಂದುಬಿಟ್ಟ. ಅರಸನ ತುಟಿಯಂಚಿನಲ್ಲಿ ನಗು ಸುಳಿಯಿತು. "ಅವಳು ಕೇಳಿದಾಗ ನಾನೂ ಅದನ್ನೇ ಹೇಳಿದ್ದೆ" ಎಂದ. ಸಾಹುಕಾರನೂ ಒಳಗೆ ಹೋದ. ಮೂರನೆಯದರವರೆಗೂ ಬಂದ ಇಂಜಿನಿಯರ್ "ಕಣ್ಣು ಕೆಟ್ಟಿದೆ" ಎಂದು ಹೊಸ ಕಣ್ಣು ಕೂರಿಸಿದ. ಅದೂ ದೀಪ ಹೊತ್ತಿಸಲಿಲ್ಲ, ಅವನೂ ಸೆರೆ ಸೇರಿದ.

ಅಮಾವಾಸ್ಯೆಗೆ ಒಂದು ದಿನ ಉಳಿದಿತ್ತು. ಆಗ ಬಂದವನು ಕಾಳೀರ, ಕಾಲುವೆಯ ಕಟ್ಟಕಡೆಯ ಊರಿನ ನೀರಗಂಟಿ. ಗದ್ದೆಗಳಿಗೆ ಸರದಿಯಂತೆ ನೀರು ತಿರುಗಿಸುವುದು ಅವನ ಕೆಲಸ. ಆದರೆ ಅವನ ಊರಿಗೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಪಾದ ನೆನೆಯುವಷ್ಟೂ ನೀರಿರುತ್ತಿರಲಿಲ್ಲ. ಇನ್ನೊಂದು ಕಾಲುವೆ ಬೇಡಬೇಕೆಂದು ಹೊರಟಾಗ ಅವನ ತಾಯಿ, "ನಿನ್ ತಲೆ ಹೋದ್ರೆ ನೀರು ಬಿಡೋರ್ಯಾರ್ಲಾ?" ಎಂದು ಬೈದು, ಬುತ್ತಿ ಕಟ್ಟಿಕೊಟ್ಟಿದ್ದಳು.

ಬೈಗಿನ ಹೊತ್ತು. ಅರಸ ಬೆಂಚಿನ ಬಳಿ ನಿಂತು ಕೇಳಿದ:

"ಒಬ್ಬಳೇ ತಾಯಿ ಸಾಲಾಗಿ ಕೂತ ಮಕ್ಕಳಿಗೆ ಬಡಿಸುತ್ತಾಳೆ. ಹತ್ತಿರದವನ ಮುಖ ಅರಳುತ್ತದೆ, ಕೊನೆಯವನದು ಬಾಡುತ್ತದೆ. ತಾಯಿಯಲ್ಲಿ ಮೋಸವಿಲ್ಲ, ಮಗುವಿಗೆ ರೋಗವಿಲ್ಲ. ಅನ್ನ ಎಲ್ಲಿ ಹೋಯಿತು?"

ಕಾಳೀರ ನಕ್ಕುಬಿಟ್ಟ. "ಇದು ನಮ್ಮೂರ್ ಕತೆ ಬುದ್ಧಿ! ದಾರೀಲೇ ಹೋಯ್ತು. ಪೆಟ್ಗೆ ತಾಯಿ, ದೀಪ ಮಕ್ಳು. ತಂತಿ ಸಣ್ಣದು, ದಾರಿ ಉದ್ದ. ಕೊನೇ ದೀಪಕ್ಕೆ ಪೆಟ್ಗೆಯಿಂದ್ಲೇ ಬೇರೆ ತಂತಿ ಎಳೀಬೇಕು."

"ಹಾಗೇ ಎಳೆದಳು" ಎಂದ ಅರಸ, ಮೆಲ್ಲಗೆ. "ಮಣ್ಣೊಳಗೆ ಇಬ್ಬರು ಕೈ ಹಿಡಿದುಕೊಂಡಿದ್ದಾರೆ. ಮಳೆ ಬಂದರೆ ಮುನಿಸು, ಬಿಸಿಲು ಬಂದರೆ ರಾಜಿ. ಯಾರವರು?"

ಕಾಳೀರ ತಲೆ ಕೆರೆದುಕೊಂಡ. ಮನೆಯ ತಾಮ್ರದ ಚೊಂಬು ನೆನಪಾಯಿತು. "ತಂತಿಗೆ ತಂತಿ ಸುತ್ತಿರೋ ಗಂಟು, ಬುದ್ಧಿ. ನೀರು ಒಳಗೋದ್ರೆ ಕಿಲುಬು ಹಿಡಿದು ಕರೆಂಟು ತಡೀತದೆ. ಒಣಗಿದ್ರೆ ಒಂದಿಷ್ಟು ಹರೀತದೆ. ಕಿಲುಬು ತಿಕ್ಕಿ ಮೇಣ ಮೆತ್ಬೇಕು."

"ಮೇಣ ಮೆತ್ತಿದ ಕೈಯಲ್ಲೇ ನನ್ನ ಕೆನ್ನೆ ಸವರಿದ್ದಳು" ಎಂದ ಅರಸ. "ಮೂರನೆಯದು ಅವಳದಲ್ಲ, ನನ್ನದು. ಉತ್ತರ ನನಗೂ ಗೊತ್ತಿಲ್ಲ. ಕಣ್ಣಿದೆ, ಕುರುಡಲ್ಲ. ಆದರೂ ಅದಕ್ಕೆ ಸಂಜೆ ಕಾಣುವುದಿಲ್ಲ. ಯಾಕೆ?"

ಕಾಳೀರ ಗೋಡೆಯತ್ತ ಹೋದ. ಕಣ್ಣನ್ನು ಮುಟ್ಟಲಿಲ್ಲ, ಬಿಚ್ಚಲಿಲ್ಲ. ಅದರ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಅದು ನೋಡುವ ಕಡೆಗೇ ನೋಡಿದ. ಎದುರಿನ ದೊಡ್ಡ ದೀಪ ಕಣ್ಣು ಕುಕ್ಕಿತು. ಉತ್ತರ ಹೊಳೆಯಿತು, ಜೊತೆಗೇ ಕಟ್ಟಪ್ಪಣೆಯೂ ನೆನಪಾಯಿತು. ಹೇಳಿದರೂ ತಲೆ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ.

"ಕಣ್ಣು ನೆಟ್ಟಗದೆ ಬುದ್ಧಿ" ಎಂದ ಕೊನೆಗೆ. "ಅದ್ರ ಪಾಲಿಗೆ ಇನ್ನೂ ಹೊತ್ತೇ ಮುಳುಗಿಲ್ಲ. ನೀವು ಮುಳುಗಕ್ಕೆ ಬಿಟ್ಟಿಲ್ಲ."

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. ಡಂಗುರದವನು ಕಣ್ಣು ಮುಚ್ಚಿಕೊಂಡ.

"ಇದನ್ನು ಆರಿಸಿದರೆ ಅವಳು ಕತ್ತಲಲ್ಲಿ ಒಬ್ಬಳೇ ಕೂತಂತಾಗುತ್ತದಲ್ಲೋ" ಎಂದ ಅರಸ. ಅದು ಅರಸನ ದನಿಯಾಗಿರಲಿಲ್ಲ.

"ಅಮ್ಮಾವ್ರು ಕೈಯಾರೆ ನೆಟ್ಟ ದೀಪಗಳು ಕತ್ತಲಲ್ಲೇ ಅವೆಯಲ್ಲ, ಬುದ್ಧಿ."

ಅರಸ ಬಹಳ ಹೊತ್ತು ಬೆಂಚನ್ನೇ ನೋಡಿದ. ಆಮೇಲೆ ಯಾರನ್ನೂ ಕರೆಯದೆ, ತಾನೇ ಹೋಗಿ ಸ್ವಿಚ್ಚು ಒತ್ತಿದ. ತೋಟವೆಲ್ಲ ಕಪ್ಪಾಯಿತು. ಏನೂ ಆಗಲಿಲ್ಲ. ಕಾಳೀರ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ.

ಟಕ್ ಎಂದಿತು ಗೋಡೆಯ ಮೇಲಿನ ಪೆಟ್ಟಿಗೆ. ಮಲ್ಲಿಗೆಯ ಬುಡದಲ್ಲಿ, ಬಾವಿಯ ಸುತ್ತ, ತೋಟದ ಕಟ್ಟಕಡೆಯ ಬೇಲಿಯವರೆಗೂ ರಾಣಿಯ ದೀಪಗಳೆಲ್ಲ ಹೊತ್ತಿಕೊಂಡವು. ಅರಸ ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಸೆರೆಯಲ್ಲಿದ್ದವರನ್ನೆಲ್ಲ ಆ ಸಂಜೆಯೇ ಬಿಟ್ಟು ಕಳಿಸಿದರು. ಕೆರೆಯಿಂದ ನೇರವಾಗಿ ಕಾಳೀರನ ಊರಿಗೆ ಬೇರೆಯೇ ಕಾಲುವೆ ತೋಡಿಸಿದರು. ನೀರು ಬಂದ ದಿನ ಅವನ ತಾಯಿ ಅದರಲ್ಲಿ ಮೊಣಕಾಲುದ್ದ ಇಳಿದು ನಿಂತು, ಮಗನನ್ನು ಇನ್ನೊಮ್ಮೆ ಬೈದಳು.

ತೋಟದ ಬಾಗಿಲು ಮಕ್ಕಳಿಗೆ ಮತ್ತೆ ತೆರೆಯಿತು. ಸಂಜೆಯಾದರೆ ಅರಸ ಬೆಂಚಿನ ಒಂದು ತುದಿಯಲ್ಲಿ ಕೂರುತ್ತಿದ್ದ, ಇನ್ನೊಬ್ಬರಿಗೆ ಜಾಗ ಬಿಟ್ಟು. ದೀಪ ಹೊತ್ತಿದೊಡನೆ ಎಲ್ಲರಿಗಿಂತ ಮೊದಲು "ಹೋ" ಎನ್ನುತ್ತಿದ್ದವನು ಅವನೇ ಅಂತೆ.