ಅಡಿವೆಪ್ಪ ಇಟಾಲಿಯನ್ ಕಲಿತದ್ದು

ಮಲಪ್ರಭೆಯ ದಂಡೆಯಲ್ಲಿ ಒಂದು ಮಠ. ಊರೂರು ಅಲೆಯುವವರೆಲ್ಲ ಅಲ್ಲಿ ಬಂದು ತಂಗುತ್ತಿದ್ದರು. ಉಣ್ಣಲು ರೊಟ್ಟಿ ಇತ್ತು, ಮಲಗಲು ಕಟ್ಟೆ ಇತ್ತು, ಯಾಕೆ ಬಂದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಹಾಗೆ ಬಂದವಳು ಇಟಲಿಯ ಇಲಾರಿಯಾ. ಮಠದ ಶಿಷ್ಯ ಅಡಿವೆಪ್ಪನ ಜೊತೆ ಬದನೆ ಗಿಡಕ್ಕೆ ನೀರು ಹಾಯಿಸುತ್ತ ಹಾಯಿಸುತ್ತ ಅರೆಬರೆ ಕನ್ನಡ ಕಲಿತಳು. ಇಬ್ಬರಿಗೂ ಪ್ರೀತಿಯಾಯಿತು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅಡಿವೆಪ್ಪ ಅವರ ಮುಂದೆ ತಲೆ ಕೆರೆಯುತ್ತ ನಿಂತ.

"ಮದುವಿ ಆಗಬೇಕಂತ ಮಾಡೇವ್ರಿ."

"ಆಗ್ರಿ. ತಡದವರು ಯಾರು?"

"ಆಕಿ ಅಜ್ಜಿ ಬರ್ತಾರಂತ್ರಿ. ನನ್ನ ಮಾತಾಡಿಸಿ ನೋಡಿ, ಅವರು ಒಪ್ಪಿದ್ರಷ್ಟ ಮದುವಿ. ಅವರಿಗೆ ಇಟಾಲಿಯನ್ ಬಿಟ್ರ ಬ್ಯಾರೆ ಭಾಷಾ ಬರಾಂಗಿಲ್ಲ."

"ನಿನಗೆಷ್ಟ ಬರ್ತದ?"

"ನೀರು, ಅನ್ನ, ಹೆಸರೇನು, ಚಂದ ಇದ್ದಿ. ಇಷ್ಟ ಇಲಾರಿಯಾ ಕಲಿಸ್ಯಾಳ. ಮುಂದಿಂದು ಟಿವಿ ನೋಡಿ ಕಲೀತೇನ್ರಿ."

"ಕಲಿ," ಅಂದರು ಅಜ್ಜಾರು.

ಇಲಾರಿಯಾ ಅಜ್ಜಿಯನ್ನು ಕರೆತರಲು ಊರಿಗೆ ಹೋದಳು. ಅಡಿವೆಪ್ಪ ಊಟದ ಮನೆಯ ಟಿವಿಗೆ ಫೋನು ಜೋಡಿಸಿದ.

ಮೊದಲು ಡಾಕ್ಯುಮೆಂಟರಿ ನೋಡಿದ. ಬೆಂಕಿ ಉಗುಳುವ ಬೆಟ್ಟ, ಅದರ ಬುಡದ ದ್ರಾಕ್ಷಿ ತೋಟದ್ದೊಂದು, ಕುರಿ ಕಾಯುವವರದ್ದೊಂದು. ಅಲ್ಲಿ ಹೇಳುವವನು ನಿಧಾನ ಹೇಳುತ್ತಿದ್ದ. ಆಮೇಲೆ ಸೀರಿಯಲ್ಲು. ಅಲ್ಲಿ ಒಂದು ಮನೆ ಮಂದಿಯೆಲ್ಲ ಒಮ್ಮೆಲೇ ಬಾಯಿ ಮಾಡುತ್ತಿದ್ದರು. ಮೊದಮೊದಲು ಕೆಳಗೆ ಬರುವ ಅಕ್ಷರ ಓದಿದ. ಆಮೇಲೆ ಆ ಅಕ್ಷರ ಮುಚ್ಚುವಂತೆ ಟವೆಲ್ಲು ಕಟ್ಟಿದ. ಬರಬರುತ್ತ ಆ ಗದ್ದಲದ ಮಾತೂ ತಿಳಿಯತೊಡಗಿತು.

ಅಜ್ಜಾರು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅವರಿಗೆ ಒಂದಕ್ಷರ ಇಟಾಲಿಯನ್ ಬಾರದು. ಆದರೂ ಟಿವಿಯೊಳಗಿನವರನ್ನು ಮಾತಾಡಿಸದೆ ಬಿಡುತ್ತಿರಲಿಲ್ಲ.

"ಏ ತಂಗಿ, ಅವನ್ನ ನಂಬಬ್ಯಾಡ! ಮಾರಿ ನೋಡು, ಹಸೀ ಸುಳ್ಳ!"

"ಅಜ್ಜಾರ, ಆಕಿಗೆ ಕೇಳಸಾಂಗಿಲ್ರಿ."

"ಆಕಿಗೆ ಕೇಳಸಾಂಗಿಲ್ಲಂತ ನಾ ಬಾಯಿ ಮುಚಗೊಂಡ ಕೂಡ್ಲೇನು?"

"ನೀವು ನಡುವ ಮಾತಾಡಿದ್ರ ನನಗ ಕೇಳಸಾಂಗಿಲ್ರಿ!"

ಅಜ್ಜಾರು ನಕ್ಕು, ಮತ್ತೆ ಟಿವಿಯವಳಿಗೇ ಬುದ್ಧಿ ಹೇಳತೊಡಗಿದರು.

ಮಳೆಗಾಲ ಮುಗಿದ ಮೇಲೆ ಅಜ್ಜಿ ಬಂದಳು. ಹೆಸರು ಅಸ್ಸುಂತಾ. ಗಿಡ್ಡ ದೇಹ, ಬೆಳ್ಳನೆ ಕೂದಲು, ಕೈಯಲ್ಲಿ ಬೀಸಣಿಗೆ. ಹೊಳೆಯ ಮೆಟ್ಟಿಲ ಮೇಲೆ ಅಡಿವೆಪ್ಪನನ್ನು ಎದುರಿಗೆ ಕೂರಿಸಿಕೊಂಡಳು. ಮೊಮ್ಮಗಳಿಗೆ, ನೀನು ತುಟಿ ಬಿಚ್ಚಬೇಡ ಅಂದಳು.

"ನೀನು ಎಂಥವನು? ಹೇಳು."

ಅಡಿವೆಪ್ಪನಿಗೆ ಪ್ರತಿ ಮಾತೂ ತಿಳಿಯಿತು. ಹಿಗ್ಗಿಹೋದ. ಕಾಲು ಮಡಚಿ ಆರಾಮಾಗಿ ಕೂತು, ಮುಂದೇನು ಬರುತ್ತದೋ ಎಂದು ಕಾದ.

"ನನ್ನ ಮೊಮ್ಮಗಳಿಗೆ ಮೂಗಿನ ಮೇಲೇ ಸಿಟ್ಟು. ಅವಳಿಗೆ ಸಿಟ್ಟು ಬಂದರೆ ಏನು ಮಾಡುತ್ತೀ?"

ಅದೂ ತಿಳಿಯಿತು. ಯಾರು ಉತ್ತರ ಕೊಡುತ್ತಾರೋ ಎಂದು ಅಡಿವೆಪ್ಪ ಇಲಾರಿಯಾಳ ಮುಖ ನೋಡಿದ.

ಅಜ್ಜಿ ಮೊಮ್ಮಗಳತ್ತ ತಿರುಗಿದಳು. "ನಮ್ಮ ಚರ್ಚಿನ ಮುಂದಿನ ಕಲ್ಲುಗೊಂಬೆ ಇವನಿಗಿಂತ ಹೆಚ್ಚು ಮಾತಾಡುತ್ತದೆ."

ಅಡಿವೆಪ್ಪನಿಗೆ ಅದು ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ತೊಡೆ ತಟ್ಟಿಕೊಂಡು ನಕ್ಕುಬಿಟ್ಟ.

ಅಜ್ಜಿ ಕೆಂಪಗಾದಳು. ಬೀಸಣಿಗೆ ಮಡಚಿ ಎದ್ದಳು. "ಇಲಾರಿಯಾ, ಗಂಟುಮೂಟೆ ಕಟ್ಟು."

ಅಡಿವೆಪ್ಪ ಓಡಿ ಬಂದು ಅಜ್ಜಾರ ಕಾಲಿಗೆ ಬಿದ್ದ.

"ಕೆಟ್ಟೆನ್ರಿ! ಎಲ್ಲಾ ತಿಳೀತು, ಒಂದ ಮಾತೂ ಬಿಡದಂಗ ತಿಳೀತು. ಆದ್ರ ನನ್ನ ಬಾಯಿಂದ ಏನೂ ಬರಲಿಲ್ಲ. ಮ್ಯಾಲ ನಕ್ಕಬಿಟ್ಟೆ."

"ಟಿವ್ಯಾಗ ಒಬ್ಬಾಕಿ ಏನರ ಕೇಳಿದ್ರ, ಉತ್ತರ ಯಾರು ಕೊಡ್ತಾರ?"

"ಆಕಿ ಎದುರಿಗೆ ಕುಂತವರ್ರಿ."

"ಇವತ್ತ ಎದುರಿಗೆ ಯಾರು ಕುಂತಿದ್ರು?"

ಅಡಿವೆಪ್ಪ ತನ್ನ ಎದೆ ಮುಟ್ಟಿ ನೋಡಿಕೊಂಡ.

"ನಾನ ರೀ."

"ನಡಿ," ಎಂದು ಅಜ್ಜಾರು ಹೊಳೆ ಕಡೆ ಹೊರಟೇಬಿಟ್ಟರು.

ಅಜ್ಜಿ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ನಿಂತಿದ್ದಳು. ಅಜ್ಜಾರು ಕೈಮುಗಿದು, ಅಪ್ಪಟ ಕನ್ನಡದಲ್ಲೇ ಶುರು ಮಾಡಿದರು.

"ಛಲೋ ಮಾಡಿದ್ರಿ ತಾಯಿ. ಈ ಮಗ ನಿಮ್ಮ ಹುಡುಗಿಗೆ ತಕ್ಕವನಲ್ಲ."

ಅಡಿವೆಪ್ಪನತ್ತ ಬೊಟ್ಟು ತೋರಿಸಿ, ಎರಡೂ ಕೈ ಕೆನ್ನೆಗಿಟ್ಟು ಗೊರಕೆ ಹೊಡೆದರು. ಎದ್ದಂತೆ ಮಾಡಿ ಗಬಗಬ ಉಂಡರು. ಮತ್ತೆ ಗೊರಕೆ ಹೊಡೆದರು.

ಅಜ್ಜಿಗೆ ಚೆನ್ನಾಗಿ ತಿಳಿಯಿತು. ಹೌದೌದು, ಹಾಗೇ ಕಾಣುತ್ತಾನೆ ಎಂದು ತಲೆಯಾಡಿಸಿದಳು.

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ಜಿಗಿದು ನಡುವೆ ನಿಂತ. ಇಟಾಲಿಯನ್ ಬಾಯಿಂದ ಉರುಳಿ ಬಿತ್ತು, ಸಂತೆಯಲ್ಲಿ ಚೀಲ ಹರಿದ ಈರುಳ್ಳಿ ಹಾಗೆ.

"ಇಲ್ಲ ಅಜ್ಜಿ! ಸುಳ್ಳು! ನಾನು ಏಳುವೆ ಕೋಳಿಗಿಂತ ಮೊದಲು ನಿನ್ನೆ! ಇಲಾರಿಯಾ ಸಿಟ್ಟು ಬಂದ, ಬೆಟ್ಟದ ಬಾಯಿಂದ ಹೊಗೆ. ಜನ ಎಲ್ಲ ಓಡುತ್ತಾನೆ. ನಾನು ಓಡೋದಿಲ್ಲ! ಯಾಕೆ? ಬೂದಿ ಬಿದ್ದ ಮಣ್ಣು, ಅಲ್ಲಿ ದ್ರಾಕ್ಷಿ ಚೆನ್ನಾಗಿ ಬೆಳೆ!"

ಅಜ್ಜಿ ಬೀಸಣಿಗೆ ಎತ್ತಿ ಅವನನ್ನು ತಡೆದಳು.

"ಬೆಳೆಯುತ್ತದೆ," ಎಂದು ತಿದ್ದಿದಳು.

"ಬೆಳೆಯುತ್ತದೆ," ಎಂದ ಅಡಿವೆಪ್ಪ.

ಅಜ್ಜಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೀಲ ಬದಿಗೆ ತಳ್ಳಿ ಮತ್ತೆ ಕೂತಳು. "ಮುಂದೆ ಹೇಳು, ಕತ್ತೆ."

ಅವನು ಹೇಳಿದ. ಅವಳು ತಿದ್ದಿದಳು. ಅವನು ಬೇರೆ ಥರ ತಪ್ಪಿದ. ಅವಳು ಬೀಸಣಿಗೆಯಿಂದ ತಲೆಗೊಂದು ಕೊಟ್ಟಳು. ನಡುವೆ ಚೀಲದಿಂದ ತನ್ನೂರಿನ ಚೀಸಿನ ತುಂಡು ತೆಗೆದು ಅವನ ಕೈಗಿಟ್ಟು, ತಿನ್ನು, ತಿಂದು ಹೇಳು ಅಂದಳು. ಇಲಾರಿಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಅಡಿವೆಪ್ಪ ಮಠಕ್ಕೆ ಓಡಿ ಬಂದ.

"ಒಪ್ಪಿದ್ರು ಅಜ್ಜಾರ! ಮದುವಿ ಮುಗಿಸಿಕೊಂಡ ಹೋಗ್ತಾರಂತ!"

"ಛಲೋ ಆತು."

ಅಡಿವೆಪ್ಪ ಹೋಗಲಿಲ್ಲ, ಅಲ್ಲೇ ನಿಂತ.

"ಒಂದ ತಿಳೀವಲ್ದ್ರಿ. ನಾ ಆಡಿದ್ರಾಗ ಒಂದ ಮಾತೂ ಸರಿ ಇದ್ದಿಲ್ಲ. ಅವರು ಯಾಕ ಒಪ್ಪಿದ್ರು?"

ಅಜ್ಜಾರು ಬತ್ತಿ ತೀಡುತ್ತ ಅಂದರು:

"ಬರೇ ಸರಿಯಾದ ಮಾತ ಕೇಳೂದಿದ್ರ, ಆ ತಾಯಿ ಮನ್ಯಾಗ ಟಿವಿ ಇಲ್ಲೇನೋ?"