ಎರಡನೆಯ ಭಾಗ

"ಗುರುಗಳೇ, ನೀವೇ ಇಷ್ಟು ಚೆನ್ನಾಗಿ ಹೇಳುವಾಗ ನಾವು ಪುಸ್ತಕಗಳನ್ನು ಏಕೆ ಓದಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳಿಗೆ ಈ ಪ್ರಶ್ನೆ ಹಿಡಿಸಲಿಲ್ಲ. ಇವನು ತಮ್ಮನ್ನು ಹೊಗಳುತ್ತಿದ್ದಾನೋ, ಸೋಮಾರಿತನಕ್ಕೆ ನೆಪ ಹುಡುಕುತ್ತಿದ್ದಾನೋ ಎಂದು ಅವನ ಮುಖ ನೋಡಿದರು. "ಎರಡೂ ಇರಬಹುದು, ಕೂತುಕೋ" ಎಂದು ಹೇಳಿ ಈ ಕತೆಯನ್ನು ಶುರುಮಾಡಿದರು.

ಒಂದು ಪೇಟೆಯಲ್ಲಿ ಒಂದು ಪುಸ್ತಕ ಭಂಡಾರವಿತ್ತು. ಅದನ್ನು ನೋಡಿಕೊಳ್ಳಲು ಒಬ್ಬನೇ ನೌಕರ. ಬಾಗಿಲು ತೆಗೆಯುವುದು, ಧೂಳು ಹೊಡೆಯುವುದು, ಕೇಳಿದವರಿಗೆ ಪುಸ್ತಕ ಕೊಡುವುದು, ಹಿಂದೆ ತಂದುಕೊಟ್ಟದ್ದನ್ನು ತೆಗೆದಿಡುವುದು, ಇಷ್ಟೇ ಅವನ ಕೆಲಸ. ಊರವರು ಅವನನ್ನು ಪುಸ್ತಕದಯ್ಯ ಎಂದು ಕರೆಯುತ್ತಿದ್ದರು.

ಆ ಕಾಲದಲ್ಲಿ ಹೊಸ ಪುಸ್ತಕದ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು. ಓದುವವನು ಅವನ್ನು ಕತ್ತರಿಸಿಕೊಂಡು ಓದಬೇಕಾಗಿತ್ತು. ಪುಸ್ತಕದಯ್ಯ ಯಾರಿಗೂ ಆ ತೊಂದರೆ ಕೊಡುತ್ತಿರಲಿಲ್ಲ. ತಾನೇ ಬಿದಿರಿನ ಚೂರಿಯಿಂದ ಒಂದೊಂದೇ ಹಾಳೆ ಬಿಡಿಸಿ, ಬಿಡಿಸುತ್ತಲೇ ಓದಿ ಮುಗಿಸಿ, ಆಮೇಲೆ ಕಪಾಟಿನಲ್ಲಿ ಇಡುತ್ತಿದ್ದ. ಒಳ್ಳೆಯ ಪುಸ್ತಕ ಸಿಕ್ಕಿದರೆ ಅದನ್ನು ಯಾರ ಕೈಗಾದರೂ ಹಾಕುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಯಾರಿಗೆ ಯಾವುದನ್ನು ಯಾವಾಗ ಕೊಡಬೇಕು ಎಂಬುದೂ ಅವನಿಗೆ ಗೊತ್ತಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳಿಗೆ ಮೊದಲು ನಗಿಸುವ ಪುಸ್ತಕಗಳನ್ನೇ ಕೊಟ್ಟ. ಅಳಿಸುವ ಪುಸ್ತಕವನ್ನು ವರ್ಷ ಕಳೆದ ಮೇಲೆ ಕೊಟ್ಟ. ಅವಳು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಿದ್ದಳು. ಓದಿ ಬಂದು ಅವನ ಜೊತೆ ವಾದಕ್ಕಿಳಿಯುತ್ತಿದ್ದಳು. ಅವನು ಅಂಥ ವಾದಕ್ಕಾಗಿ ಕಾದಿರುತ್ತಿದ್ದ.

ಒಂದು ದಿನ ಗಾಣಿಗನೊಬ್ಬ ಪುಸ್ತಕವನ್ನು ಓದದೆ ಹಿಂದಕ್ಕೆ ತಂದ.

"ದಿನಾ ಗಾಣದ ಹಿಂದೆ ತಿರುಗಿ ತಿರುಗಿ ಸಾಕಾಗ್ತದೆ ಅಯ್ಯಾ. ಪುಸ್ತಕ ಬಿಚ್ಚಿದ್ರೆ ಕಣ್ಣು ಮುಚ್ಕೊಂಡ್ ಹೋಗ್ತದೆ. ಕೊನೆಗೆ ಏನಾಯ್ತು, ನೀವೇ ಹೇಳ್ಬಿಡಿ" ಎಂದ.

ಪುಸ್ತಕದಯ್ಯನಿಗೆ ಅಯ್ಯೋ ಅನಿಸಿತು. ಹೇಳಿದ. ಹೇಳುವುದು ಅವನಿಗೆ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ ಗಾಣಿಗ ಕಣ್ಣೀರು ಹಾಕಿದ. ಪತ್ರಿಕೆ ಓದುತ್ತಾ ಕೂತಿದ್ದವರೂ ಪತ್ರಿಕೆ ಮಡಿಸಿಟ್ಟು ಹತ್ತಿರ ಬಂದರು. ಮರುದಿನ ಇನ್ನಷ್ಟು ಜನ ಬಂದರು. ಕ್ರಮೇಣ ಸಂಜೆಯಾದರೆ ಮೇಜುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸುವುದು ರೂಢಿಯಾಯಿತು.

ಊರಿಗೆ ಊರೇ ಅಲ್ಲಿ ಸೇರತೊಡಗಿತು. ಜನ ತಾವು ಹೊರಗಿನ ರಟ್ಟನ್ನೂ ನೋಡದ ಪುಸ್ತಕಗಳ ಹೆಸರು ಹೇಳಿ ಬೀಗುತ್ತಿದ್ದರು. ಆ ಪುಸ್ತಕಗಳಲ್ಲಿ ಬರುವವರ ಹೆಸರನ್ನು ಮಕ್ಕಳಿಗೆ ಇಡುತ್ತಿದ್ದರು. ಇಷ್ಟು ಓದಿಕೊಂಡ ಊರು ಬೇರೊಂದಿಲ್ಲ ಎಂದು ನೆರೆಯೂರಿನವರು ಹೊಟ್ಟೆಕಿಚ್ಚುಪಟ್ಟರು. ಪುಸ್ತಕವನ್ನು ಮನೆಗೆ ಒಯ್ಯುವವರು ಮಾತ್ರ ಯಾರೂ ಉಳಿಯಲಿಲ್ಲ. ವಾದಕ್ಕೆ ಬರುತ್ತಿದ್ದ ಆ ಹೆಂಗಸೂ ಬಿಟ್ಟಳು. ಏಕಮ್ಮ ಎಂದು ಪುಸ್ತಕದಯ್ಯ ಕೇಳಿದ.

"ನಾನು ಓದಿದ್ರೆ ಒಣಗಿದ ರೊಟ್ಟಿ ಅಗಿದಂಗೆ ಆಗ್ತದೆ ಅಯ್ಯಾ. ನೀವು ಹೇಳಿದ್ರೇನೇ ಅದಕ್ಕೆ ಜೀವ" ಎಂದಳು.

ಆ ಮಾತಿಗೆ ಅವನು ಹೆದರಬೇಕಿತ್ತು. ಹಿರಿಹಿರಿ ಹಿಗ್ಗಿದ. ಕಪಾಟಿನಲ್ಲಿ ಬಿದ್ದಿದ್ದದ್ದು ಜನರ ಬಾಯಿಗೆ ಬಂತಲ್ಲ, ಇದಕ್ಕಿಂತ ಹೆಚ್ಚಿನದೇನು ಬೇಕು ಎಂದುಕೊಂಡ. ನನಗೆ ಅವನ ಮೇಲೆ ಸಿಟ್ಟು ಬರುವುದು ಈ ಜಾಗದಲ್ಲಿ. ಆದರೆ ಅವನ ಜಾಗದಲ್ಲಿ ಯಾರಿದ್ದರೂ ಹಿಗ್ಗುತ್ತಿದ್ದರು.

ಅವನು ಹೇಳಿದ್ದರಲ್ಲಿ ಒಂದು ಕತೆ ಊರನ್ನೇ ಹಿಡಿದುಬಿಟ್ಟಿತು. ಹೊನ್ನಾಂಬೆ ಎಂಬ ಹೆಂಗಸು ಮಾಡದ ತಪ್ಪಿಗೆ ಮನೆಯಿಂದ ಹೊರಬೀಳುತ್ತಾಳೆ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು, ತುಂಬಿ ಹರಿಯುವ ಹೊಳೆಯಲ್ಲಿ ದೋಣಿ ಹತ್ತುತ್ತಾಳೆ. ದೋಣಿ ನಡುನೀರಿಗೆ ಬರುವಲ್ಲಿಗೆ ಮೊದಲ ಭಾಗ ಮುಗಿಯುತ್ತದೆ. ಎರಡನೆಯ ಭಾಗ ಇನ್ನೂ ಅಚ್ಚಾಗಿರಲಿಲ್ಲ. ಅವಳು ದಡ ಸೇರಿದಳೇ ಎಂದು ಊರವರು ಸಂತೆಯಲ್ಲೂ ಬಾವಿಕಟ್ಟೆಯಲ್ಲೂ ಮಾತಾಡಿಕೊಂಡರು. ಎಲ್ಲರಿಗಿಂತ ಹೆಚ್ಚಾಗಿ ಪುಸ್ತಕದಯ್ಯ ಕಾದ. ವರ್ಷಗಟ್ಟಲೆ ಕಾದ.

ಎರಡನೆಯ ಭಾಗ ಬರುವ ಹೊತ್ತಿಗೆ ವಯಸ್ಸಾಗಿ ಅವನ ಕಣ್ಣು ಪೂರ್ತಿ ಹೋಗಿತ್ತು.

ಅಂಚೆಯವನು ಕಟ್ಟು ತಂದುಕೊಟ್ಟು ಹೆಸರು ಓದಿ ಹೇಳಿದ. ಪುಸ್ತಕದಯ್ಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬಿಡಿಸದ ಅಂಚಿನ ಮೇಲೆ ಬೆರಳಾಡಿಸಿದ. ಊರವರಿಗೆ ಹೇಳಿಕಳಿಸಿದ. ಎಲ್ಲರೂ ಕೆಲಸ ಬಿಟ್ಟು ಓಡಿಬಂದರು.

"ನನಗೆ ಕಣ್ಣಿಲ್ಲ. ಯಾರಾದ್ರೂ ಓದಿ. ಇವತ್ತು ನಾನೂ ನಿಮ್ಮ ಜೊತೆ ಕೂತು ಕೇಳ್ತೀನಿ" ಎಂದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಅಕ್ಷರ ಬಾರದವರಲ್ಲ, ಅಕ್ಷರ ಬಿಟ್ಟವರು. ಕೊನೆಗೆ ಗಾಣಿಗ ಪುಸ್ತಕ ತೆಗೆದುಕೊಂಡ. ಹಾಳೆಯನ್ನು ಸೊಟ್ಟಸೊಟ್ಟಗೆ ಹರಿದ. ಒಂದೊಂದು ಪದಕ್ಕೂ ಎಡವಿದ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲಿಲ್ಲ. ಹೊನ್ನಾಂಬೆಯ ಹೆಸರು ಬರುವ ಮೊದಲೇ ಹಿಂದೆ ಕೂತವರು ಆಕಳಿಸಿದರು. ನಾಲ್ಕು ಜನ ಎದ್ದರು. ಅವರನ್ನು ನೋಡಿ ಉಳಿದವರೂ ಎದ್ದರು. ಗಾಣಿಗ ಪುಸ್ತಕವನ್ನು ಮೆಲ್ಲಗೆ ಪುಸ್ತಕದಯ್ಯನ ಕೈಗೆ ಹಿಂದಿರುಗಿಸಿದ.

"ಇದು ನಮ್ಮ ಕೈಲಿ ಆಗೋ ಕೆಲ್ಸ ಅಲ್ಲ ಅಯ್ಯಾ. ನಿಮ್ಗೆ ಕಣ್ಣು ಬರ್ಲಿ, ನೀವೇ ಹೇಳೀರಂತೆ. ನಾವು ಕಾಯ್ತೀವಿ" ಎಂದ.

ಅವರು ಕೆಟ್ಟವರಲ್ಲ. ಅವನೆಂದರೆ ಜೀವ ಬಿಡುತ್ತಿದ್ದರು. ವೈದ್ಯರನ್ನು ಕರೆತಂದರು. ಕಣ್ಣಿಗೆ ಎಣ್ಣೆ ಬಿಟ್ಟರು, ಸೊಪ್ಪಿನ ರಸ ಹಿಂಡಿದರು, ದೇವರಿಗೆ ಬೆಳ್ಳಿಯ ಕಣ್ಣು ಮಾಡಿಸಿಕೊಡುವುದಾಗಿ ಹರಕೆ ಹೊತ್ತರು. ಅಷ್ಟೊಂದು ಜನಕ್ಕೆ ನೆಟ್ಟಗಿನ ಕಣ್ಣುಗಳಿದ್ದವು. ಒಬ್ಬರೂ ಆ ಪುಸ್ತಕದ ಮುಂದೆ ಕೂರಲಿಲ್ಲ.

ಪುಸ್ತಕದಯ್ಯ ಕೋಲೂರಿಕೊಂಡು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋದ. ಒಂದೇ ಒಂದು ಹಾಳೆ ಓದಿ, ತಪ್ಪಾದರೂ ಪರವಾಗಿಲ್ಲ ಎಂದು ಬೇಡಿಕೊಂಡ. ಹೋದಲ್ಲೆಲ್ಲ ಮಣೆ ಹಾಕಿ ಕೂರಿಸಿದರು, ಊಟಕ್ಕಿಟ್ಟರು. ಆಮೇಲೆ, ಮುಂದೆ ಏನಾಗಿರಬಹುದು ಅಂತೀರಿ ಅಯ್ಯಾ ಎಂದು ಅವನನ್ನೇ ಕೇಳಿದರು. ಅವನು ಕೈ ತೊಳೆದು ಎದ್ದು ಬರುತ್ತಿದ್ದ.

ಕೊನೆಗೆ ಹಾಸಿಗೆ ಹಿಡಿದ. ಗಂಜಿ ತಂದಿದ್ದ, ಒಂದು ಕಾಲಕ್ಕೆ ತನ್ನೊಡನೆ ವಾದಕ್ಕಿಳಿಯುತ್ತಿದ್ದ ಆ ಹೆಂಗಸಿಗೆ ಹೇಳಿದ:

"ತಪ್ಪು ನಂದೇ ಕಣಮ್ಮ. ನೀವು ಹಲ್ಲಿದ್ದವರು. ನಾನು ಅಗಿದು ಅಗಿದು ಬಾಯಿಗಿಟ್ಟುಬಿಟ್ಟೆ."

"ಹಂಗನ್ಬೇಡಿ ಅಯ್ಯಾ, ತಾಯಿ ನೋಡ್ಕೊಂಡಂಗೆ ನೋಡ್ಕೊಂಡ್ರಿ" ಎಂದು ಅವಳು ಕಣ್ಣೊರೆಸಿಕೊಂಡಳು.

ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ. ಮತ್ತೆ ಯಾರೊಡನೆಯೂ ಮಾತಾಡಲಿಲ್ಲ.

ಅವನು ಸತ್ತ ದಿನ ಊರಿನಲ್ಲಿ ಒಲೆ ಉರಿಯಲಿಲ್ಲ. ಸುಡುಗಾಡಿನಲ್ಲಿ ಗಾಣಿಗ ಬಿಕ್ಕಿ ಬಿಕ್ಕಿ ಅಳುತ್ತಾ ಆ ಪುಸ್ತಕವನ್ನು ಅವನ ಎದೆಯ ಮೇಲಿಟ್ಟ. ಅಯ್ಯನಿಗೆ ಬಲು ಇಷ್ಟದ್ದು, ಜೊತೆಯಲ್ಲೇ ಹೋಗಲಿ ಎಂದ. ಎಲ್ಲರೂ ಒಪ್ಪಿದರು. ಬೇಡ ಎನ್ನಲು ಒಬ್ಬರಿಗೂ ತೋಚಲಿಲ್ಲ. ಬಿಡಿಸದ ಹಾಳೆಗಳು ಬಿಡಿಸದ ಹಾಗೆಯೇ ಸುಟ್ಟುಹೋದವು.

ಪುಸ್ತಕ ಭಂಡಾರ ಈಗಲೂ ಇದೆ. ನವರಾತ್ರಿಯಲ್ಲಿ ಜನ ಬಂದು ನೆಲ ಸಾರಿಸಿ, ಕಪಾಟುಗಳಿಗೆ ಕುಂಕುಮವಿಟ್ಟು, ಹೂವು ಏರಿಸಿ, ಕೈ ಮುಗಿದು ಹೋಗುತ್ತಾರೆ. ಕಪಾಟಿನ ಬಾಗಿಲು ತೆಗೆಯುವುದಿಲ್ಲ. ಒಳಗೆ ಗೆದ್ದಲು ಹಿಡಿದಿರುವುದು ಅವರಿಗೆ ಗೊತ್ತಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. ತಡೆಯಲಾರದೆ ಕೇಳಿದ:

"ಗುರುಗಳೇ, ನೀವು ಆ ಎರಡನೆಯ ಭಾಗವನ್ನು ಓದಿದ್ದೀರಾ? ಹೊನ್ನಾಂಬೆ ದಡ ಸೇರಿದಳೇ?"

"ನೋಡು, ನೀನೂ ನನ್ನನ್ನೇ ಕೇಳಿದೆ" ಎಂದರು ಗುರುಗಳು.